ಮಾಮ ಬರಿಗೈಯಲ್ಲಿ ಬಂದ ಭಾನುವಾರ

ನಮ್ಮಪ್ಪ ಯೇಸುವಡಿಯಾನ್ ತಾಳೆಮರದಿಂದ ಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ, ಚರ್ಚಿನ ಮೊದಲ ಗಂಟೆ ಹೊಡೆಯುತ್ತಿದ್ದಾಗ. ನನಗಾಗ ಏಳು ವರ್ಷ. ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದಳು. ತೋಪಿನ ಕಡೆಯಿಂದ ಯಾರೋ ಕೂಗಿದ್ದು ಕೇಳಿದ್ದೇ ಒಂದು ಜಡೆಯನ್ನು ಅರ್ಧಕ್ಕೆ ಬಿಟ್ಟು ಓಡಿದಳು. ನಾನೂ ಹಿಂದೆ ಓಡಿದೆ. ಕೆಂಪು ಮರಳಿನ ಮೇಲೆ ಅಪ್ಪ ಮಗ್ಗುಲಾಗಿ ಬಿದ್ದಿದ್ದ. ಅವನ ತಲೆ ಮಾಮನ ತೊಡೆಯ ಮೇಲಿತ್ತು. ಮಾಮ ಎಂದರೆ ಅಮ್ಮನ ಅಣ್ಣ, ಮಾಸಿಲಾಮಣಿ. ಎಲ್ಲರಿಗಿಂತ ಮೊದಲು ಅಲ್ಲಿಗೆ ಓಡಿ ಬಂದವನು ಅವನೇ.

ಅಪ್ಪನ ಸೊಂಟದ ಮೂಳೆ, ಎಡಗಾಲಿನ ಮೂಳೆ ಎರಡೂ ಮುರಿದಿದ್ದವು. ಪಟ್ಟಣದ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿ ಮನೆಗೆ ಬಂದಾಗ ಎಡಗಾಲು ನಾಲ್ಕು ಬೆರಳಷ್ಟು ಗಿಡ್ಡವಾಗಿತ್ತು, ಮಂಡಿ ಮಡಚುತ್ತಿರಲಿಲ್ಲ. ಮರ ಹತ್ತುವ ಮಾತು ಅಲ್ಲಿಗೆ ಮುಗಿಯಿತು. ನಮ್ಮೂರು ಅರುಳ್‌ವಿಳೈಯಲ್ಲಿ ಮರ ಹತ್ತದ ಗಂಡಸು ಒಲೆಯಿಲ್ಲದ ಮನೆಯ ಹಾಗೆ. ನಮ್ಮದು ಹದಿನೈದು ಮರ, ಮಾಮನದು ಇಪ್ಪತ್ತು. ಎರಡೂ ತೋಪಿನ ನೀರಾವನ್ನು ಬೆಲ್ಲಕ್ಕೆ ಕಾಯಿಸುವುದು ಒಂದೇ ಗುಡಿಸಲಿನಲ್ಲಿ. ಕಾಯಿಸುವವಳು ಅಮ್ಮ.

ಅಪ್ಪ ಬಿದ್ದ ಮರುದಿನದಿಂದಲೇ ಮಾಮ ಮೂವತ್ತೈದು ಮರವನ್ನೂ ಹತ್ತತೊಡಗಿದ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ನಮ್ಮ ಹದಿನೈದು ಮರದ ನೀರಾ ಮೊದಲು ಇಳಿಯಬೇಕು, ಆಮೇಲೆ ಅವನದು. ಅವನಿಗೆ ಜ್ವರ ಬಂದಾಗಲೂ ಹತ್ತಿದ. ಹೆಂಡತಿ ಜೆಬಮಣಿ ಅತ್ತೆ ಹೆತ್ತ ದಿನವೂ ಹತ್ತಿದ. ಮರಕ್ಕೆ ಉಜ್ಜಿ ಉಜ್ಜಿ ಅವನ ಎದೆಯ ಚರ್ಮ ಎತ್ತಿನ ಹೆಗಲಿನ ಹಾಗೆ ಕಪ್ಪಾಗಿ ದಡ್ಡುಗಟ್ಟಿತ್ತು. ನನ್ನನ್ನು ಓದಿಸಿದ್ದು ಮಾಮ. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಊರಿನ ಶಾಲೆಗೇ ಸೇರಿದ ದಿನ ತಲೆಯ ಮೇಲೆ ಕುರ್ಚಿ ಹೊತ್ತುಕೊಂಡು ಬಂದು ಮನೆಯಲ್ಲಿ ಇಟ್ಟವನೂ ಮಾಮ. "ಟೀಚರಮ್ಮ ನೆಲದ ಮೇಲೆ ಕೂತ್ಕೊಂಡು ಪುಸ್ತಕ ತಿದ್ದಿದ್ರೆ ಮಕ್ಕಳಿಗೆ ಭಯ ಎಲ್ಲಿರುತ್ತೆ?" ಎಂದಿದ್ದ.

ಊರವರು ಅವನನ್ನು ಹೊಗಳದ ದಿನವಿಲ್ಲ. ತಂಗಿಯ ಸಂಸಾರವನ್ನು ಹೀಗೆ ಹೊತ್ತವನು ನಮ್ಮ ಸೀಮೆಯಲ್ಲೇ ಇಲ್ಲ ಎನ್ನುತ್ತಿದ್ದರು. ಹೊಗಳಿಕೆ ಕೇಳಿದರೆ ಮಾಮ ಎದ್ದು ಹೋಗುತ್ತಿದ್ದ. ಅದನ್ನೂ ಜನ ದೊಡ್ಡ ಗುಣ ಎಂದೇ ಲೆಕ್ಕ ಹಾಕಿದರು. ಇನ್ನೊಂದು ವಿಷಯ ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನಲ್ಲಿ ಪ್ರಭುಭೋಜನ. ಪಾದ್ರಿಯ ಉಪದೇಶ ಮುಗಿದು ರೊಟ್ಟಿ, ದ್ರಾಕ್ಷಾರಸ ತೆಗೆಯುವ ಹೊತ್ತಿಗೆ ಮಾಮ ಮೆಲ್ಲಗೆ ಹಿಂಬಾಗಿಲಿನಿಂದ ಹೊರಗೆ ಹೋಗಿರುತ್ತಿದ್ದ. ಕೇಳಿದರೆ, ಬಿಸಿಲಿಗೆ ಮಡಕೆಯ ನೀರಾ ಹುಳಿಯಾಗುತ್ತೆ ಎನ್ನುತ್ತಿದ್ದ. ಮಳೆಗಾಲದಲ್ಲಿ ಮರದಲ್ಲಿ ಮಡಕೆಯೇ ಇರುವುದಿಲ್ಲ. ಆಗ ಏನು ಹೇಳುತ್ತಿದ್ದನೋ, ನನಗೆ ನೆನಪಿಲ್ಲ.

ಅಪ್ಪನ ದಾರಿಯೇ ಬೇರೆಯಾಯಿತು. ಬೀಳುವ ಮೊದಲು ಅಪ್ಪ ನಗುವ ಮನುಷ್ಯನಾಗಿದ್ದ, ಮರದ ತುದಿಯಿಂದಲೇ ಕೆಳಗಿನವರಿಗೆ ಕೀಟಲೆ ಮಾಡುತ್ತಿದ್ದ ಎಂದು ಅಮ್ಮ ಹೇಳುತ್ತಾಳೆ. ನಾನು ಕಂಡ ಅಪ್ಪನಿಗೆ ಭಾನುವಾರ ಬಂದರೆ ಉಸಿರು ಬಿಗಿಯುತ್ತಿತ್ತು. ಶನಿವಾರ ಸಂಜೆಯೇ ಅಡುಗೆ ಮುಗಿದಿರಬೇಕು. ಭಾನುವಾರ ಒಲೆ ಹೊತ್ತಿಸುವಂತಿಲ್ಲ, ಆ ದಿನದ ನೀರಾವನ್ನು ಜೆಬಮಣಿ ಅತ್ತೆಯೇ ಕಾಯಿಸಬೇಕು, ಬಟ್ಟೆ ಒಣಹಾಕುವಂತಿಲ್ಲ, ನಾನು ಕುಂಟೆಬಿಲ್ಲೆ ಆಡುವಂತಿಲ್ಲ. ಮೊದಲ ಗಂಟೆಗೆ ಅರ್ಧ ತಾಸು ಮುಂಚೆಯೇ ಊರುಗೋಲು ಊರಿಕೊಂಡು ಹೋಗಿ ಕೊನೆಯ ಸಾಲಿನಾಚೆ ಬಾಗಿಲ ಬಳಿ ನೆಲದ ಮೇಲೆ ಕಾಲು ಚಾಚಿ ಕೂರುತ್ತಿದ್ದ. ಬೆಂಚಿನ ಮೇಲೆ ಕೂರು ಎಂದು ಯಾರು ಕರೆದರೂ ಬರುತ್ತಿರಲಿಲ್ಲ. ಹಾಡಿನ ಹೊತ್ತಿನಲ್ಲಿ ಅವನ ತುಟಿ ಅಲ್ಲಾಡಿದ್ದನ್ನು ನಾನು ನೋಡಲೇ ಇಲ್ಲ. ಅಪ್ಪ ಬಹಳ ಭಕ್ತಿವಂತ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಹೀಗೆ ಇಪ್ಪತ್ತು ವರ್ಷ ಕಳೆಯಿತು.

ಆ ವರ್ಷ ನಮ್ಮೂರಿಗೆ ಹೊಸ ಪಾದ್ರಿ ಬಂದರು, ಹೆಂಗಸು. ಸುಗಿರ್ದಾ ಎಂದು ಹೆಸರು, ವಯಸ್ಸು ಮೂವತ್ತೆರಡೋ ಮೂವತ್ಮೂರೋ. ಮೊದಲ ವಾರ ಊರಿನ ಮುದುಕರು ಮೂಗು ಮುರಿದರು. ಎರಡನೇ ವಾರ ಅವರು ಸೈಕಲ್ಲಿನಲ್ಲಿ ಮನೆಮನೆಗೆ ಬಂದು, ಕೊಟ್ಟ ತಾಳೆಬೆಲ್ಲದ ಕರುಪಟ್ಟಿ ಕಾಫಿಯನ್ನೆಲ್ಲ ಕುಡಿದು, ಯಾರ ಮನೆಯ ಕಾಫಿ ನೀರುನೀರು ಎಂದು ಮುಖದ ಮೇಲೇ ಹೇಳಿದ ಮೇಲೆ ಪಾದ್ರಿಯಮ್ಮ ನಮ್ಮವರೇ ಎಂದಾಯಿತು. ಈಸ್ಟರ್ ಆದ ಮೇಲೆ ಬರುವ ಚರ್ಚಿನ ಹಬ್ಬದಲ್ಲಿ ಊರಿಗೆ ಉಪಕಾರಿಯಾದ ಒಬ್ಬರಿಗೆ ಶಾಲು ಹೊದಿಸಬೇಕೆಂದು ಸಭೆಯ ಹಿರಿಯರು ಮಾತಾಡಿಕೊಂಡರು. ಯಾರಿಗೆ ಎಂಬುದಕ್ಕೆ ಚರ್ಚೆಯೇ ನಡೆಯಲಿಲ್ಲ, ಮಾಸಿಲಾಮಣಿಗೆ ಎಂದಾಯಿತು.

ಮಾಮ ಬೇಡವೇ ಬೇಡ ಎಂದ. ಹಿರಿಯರು ಎರಡು ಸಲ ಹೋಗಿ ಬರಿಗೈಯಲ್ಲಿ ಬಂದು ಅಪ್ಪನಿಗೆ ಹೇಳಿದರು: ನೀನಾದರೂ ಹೇಳಪ್ಪ, ನಿನ್ನ ಮಾತು ಕೇಳುತ್ತಾನೆ ಎಂದು. ಒಂದು ಬುಧವಾರ ಸಂಜೆ ಮಾಮ ಕೊನೆಯ ಮಡಕೆ ಇಳಿಸಿ ನಮ್ಮ ಜಗಲಿಯ ಮೇಲೆ ಕೂತಿದ್ದಾಗ ಅಪ್ಪ ವಿಷಯ ತೆಗೆದ. ಅವರಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ನಾನು ಒಳಗೆ ಮಕ್ಕಳ ಪುಸ್ತಕ ತಿದ್ದುತ್ತಿದ್ದೆ. ಅಪ್ಪ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

"ನೋಡು ಭಾವ, ನಾನು ಯಾರ ಹತ್ರಾನೂ ಹೇಳಿಲ್ಲ. ಆವತ್ತು ಬೆಳಿಗ್ಗೆ ನನಗೆ ಮನಸ್ಸು ತಡೀಲಿಲ್ಲ. ಮರ ಚೆನ್ನಾಗಿ ಸುರೀತಿತ್ತು. ಆರಾಧನೆ ಮುಗಿಯೋ ತನಕ ಯಾರು ಕಾಯ್ತಾರೆ ಅಂತ ಹತ್ತಿಬಿಟ್ಟೆ. ಮೇಲೆ ಹೋಗ್ತಾ ಇದ್ದೆ, ಗಂಟೆ ಹೊಡೀತು. ಗಂಟೆ ಕೇಳಿದ್ದೊಂದೇ ನೆನಪು. ದೇವರು ನನ್ನನ್ನ ಹಿಡಿದು ಕೆಳಗೆ ತಳ್ಳಿದ. ಅವನ ದಿನ, ಅವನ ಗಂಟೆ, ನಾನು ಮರದ ಮೇಲೆ. ಅವನು ತಳ್ಳಿದ್ದು ಸರೀನೇ. ಆದರೆ ಅವನು ಬಿಸಾಡಿದವನನ್ನ ನೀನು ಎತ್ಕೊಂಡೆಯಲ್ಲ. ನಿನಗೆ ಶಾಲು ಹಾಕದೆ ಇನ್ಯಾರಿಗೆ ಹಾಕ್ಬೇಕು?"

ಸ್ವಲ್ಪ ಹೊತ್ತಾದ ಮೇಲೆ ನಾನು ಹೊರಗೆ ಬಂದು ನೋಡಿದರೆ ಕಾಫಿಯ ಲೋಟ ತುಂಬಿದ ಹಾಗೇ ಇತ್ತು, ಮಾಮ ಇರಲಿಲ್ಲ.

ಮಾಮನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಅವನೇ ಆಮೇಲೆ ನನಗೆ ಹೇಳಿದ. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಮರ ಹತ್ತುವವರು ಎರಡೂ ಪಾದಗಳನ್ನು ಸೇರಿಸಿ ನಾರಿನ ಹಗ್ಗದ ಬಳೆಯೊಂದನ್ನು ಹಾಕಿಕೊಳ್ಳುತ್ತಾರೆ. ಇಡೀ ಮೈಭಾರ ಅದರ ಮೇಲೆ. ಅಪ್ಪನದೂ ಮಾಮನದೂ ಗುಡಿಸಲಿನಲ್ಲಿ ಅಕ್ಕಪಕ್ಕದ ಎರಡು ಗೂಟಗಳಲ್ಲಿ ತೂಗುತ್ತಿರುತ್ತಿದ್ದವು. ಆ ಶನಿವಾರ ಸಂಜೆ ಮಾಮನ ಹಗ್ಗಕ್ಕೆ ಅವನದೇ ಕತ್ತಿ ತಗುಲಿ ಒಂದು ಎಳೆ ಕತ್ತರಿಸಿ ಹೋಯಿತು. ಅಪ್ಪ ಆಗಲೇ ಮನೆಗೆ ಹೋಗಿದ್ದ. ಮಾಮ ಅಪ್ಪನ ಹಗ್ಗ ಹಾಕಿಕೊಂಡು ಉಳಿದ ಮರ ಮುಗಿಸಿದ. ಅಪ್ಪ ಹೊಸದಾಗಿ ಹೊಸೆದುಕೊಂಡ ಹಗ್ಗ, ಪಾದಕ್ಕೆ ಹಿತವಾಗಿತ್ತು. ಹೊಸದನ್ನು ಹೊಸೆಯಲು ಮಾಮನಿಗೆ ಎರಡು ದಿನ ಬೇಕು. ಅಲ್ಲಿಯವರೆಗೆ ಇದೇ ಇರಲಿ ಎಂದು ಅಪ್ಪನದನ್ನು ತನ್ನ ಗೂಟಕ್ಕೆ ತೂಗುಹಾಕಿ, ತನ್ನದನ್ನು ಕತ್ತರಿಸಿದ ಜಾಗ ಕಾಣದ ಹಾಗೆ ತಿರುಗಿಸಿ ಅಪ್ಪನ ಗೂಟಕ್ಕೆ ಹಾಕಿದ. ನಾಳೆ ಭಾನುವಾರ, ಆರಾಧನೆ ಮುಗಿಯುವ ತನಕ ಭಾವ ಹತ್ತುವುದಿಲ್ಲ, ಅಷ್ಟರಲ್ಲಿ ಹೇಳಿದರಾಯಿತು ಎಂದುಕೊಂಡ. ಇಷ್ಟೇ ನಡೆದದ್ದು.

ಬೆಳಿಗ್ಗೆ ಅಪ್ಪ ಕತ್ತಲು ಹರಿಯುವ ಮೊದಲೇ ತನ್ನ ಗೂಟದಲ್ಲಿದ್ದ ಹಗ್ಗ ತೆಗೆದುಕೊಂಡು ಹತ್ತಿದ. ಆರು ಮರ ತಡೆದ ಹಗ್ಗ ಏಳನೆಯದರಲ್ಲಿ ತುಂಡಾಯಿತು. ಮಾಮ ಓಡಿ ಬಂದಾಗ ಅಪ್ಪನಿಗೆ ಪ್ರಜ್ಞೆ ಇರಲಿಲ್ಲ. ಹರಿದ ಹಗ್ಗ ಒಂದು ಪಾದಕ್ಕೆ ಸುತ್ತಿಕೊಂಡಿತ್ತು. ಮಾಮ ಅದನ್ನು ಬಿಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ, ಎಲ್ಲರೂ ಅಪ್ಪನನ್ನು ಗಾಡಿಗೆ ಏರಿಸುತ್ತಿರುವಾಗ, ಗುಡಿಸಲಿನ ಒಲೆಯ ಕೆಂಡಕ್ಕೆ ಹಾಕಿದ. ತಾಳೆನಾರು ಬೇಗ ಉರಿಯುತ್ತದೆ. ಒಲೆಯ ಮುಂದೆ ನಿಂತದ್ದು ಎರಡು ನಿಮಿಷವೂ ಇರಲಿಕ್ಕಿಲ್ಲ ಎಂದ ಮಾಮ. ಇಬ್ಬನಿಗೆ ಕಾಲು ಜಾರಿತು ಎಂದು ಊರು ಹೇಳಿತು, ಅವನೂ ಹೌದೆಂದ. ಆಮೇಲೆ ಹೇಳಲು ಪ್ರತಿ ದಿನವೂ ಒಂದು ಅವಕಾಶವಿತ್ತು. ದಿನ ಕಳೆದ ಹಾಗೆಲ್ಲ ಹೇಳುವುದು ಇನ್ನಷ್ಟು ಕಷ್ಟವಾಯಿತು. ಹೇಳದ ಪಾಪ ಇಟ್ಟುಕೊಂಡು ಪ್ರಭುಭೋಜನದ ರೊಟ್ಟಿ ಮುಟ್ಟಲು ಹೆದರಿ ತಿಂಗಳು ತಿಂಗಳೂ ಹೊರಗೆ ಹೋಗುತ್ತಿದ್ದ.

ಆದರೆ ಅಪ್ಪ ಆ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಿದ್ದಾನೆ, ದೇವರೇ ತನ್ನನ್ನು ತಳ್ಳಿದ ಎಂದು ಇಪ್ಪತ್ತು ವರ್ಷ ನಂಬಿದ್ದಾನೆ ಎಂಬುದು ಮಾಮನಿಗೆ ಆ ಬುಧವಾರದ ತನಕ ಗೊತ್ತಿರಲಿಲ್ಲ. ಭಾವ ಭಕ್ತಿಯಿಂದ ಬಾಗಿಲ ಬಳಿ ಕೂರುತ್ತಾನೆ ಎಂದೇ ಅವನೂ ತಿಳಿದಿದ್ದ.

ಮರುದಿನ ಮಧ್ಯಾಹ್ನ ಮಾಮ ಪಾದ್ರಿಯಮ್ಮನ ಮನೆಗೆ ಹೋದ. ಅವರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. "ಸ್ತೋತ್ರ, ಅಮ್ಮಾ" ಎಂದು ವಂದಿಸಿ ಮಾಮ ಟವಲು ಕಂಕುಳಲ್ಲಿಟ್ಟು ನಿಂತುಬಿಟ್ಟ. ಪಾದ್ರಿಯಮ್ಮ ಅವನ ಮುಖ ನೋಡಿ ಅರ್ಧ ಕಟ್ಟು ಸೊಪ್ಪನ್ನು ಅವನ ಕಡೆ ತಳ್ಳಿ, ಕೂತುಕೊಂಡು ಬಿಡಿಸಿ ಅಣ್ಣಾಚಿ, ಕೈಗೆ ಕೆಲಸ ಇದ್ದರೆ ಬಾಯಿಗೆ ಧೈರ್ಯ ಬರುತ್ತೆ ಎಂದರು. ಮಾಮ ಸೊಪ್ಪು ಬಿಡಿಸುತ್ತ ಬಿಡಿಸುತ್ತ ಎಲ್ಲವನ್ನೂ ಹೇಳಿದ.

"ಇಪ್ಪತ್ತು ವರ್ಷ ಎರಡು ಮನೆ ಮರ ಹತ್ತಿದ್ದೀನಿ ಅಮ್ಮಾ. ಒಂದು ದಿನ ತಪ್ಪಿಸಿಲ್ಲ. ಆದ್ರೂ ಇದು ಎದೆಯಿಂದ ಇಳೀಲಿಲ್ಲ."

"ಹತ್ತೋದ್ರಿಂದ ಇಳಿಯೋ ಅಂಥದ್ದಲ್ಲ ಅದು" ಎಂದರು ಪಾದ್ರಿಯಮ್ಮ. "ಯೇಸು ಶಿಲುಬೆ ಹೊತ್ತಾಗಲೇ ಇದನ್ನೂ ಹೊತ್ತಾಯ್ತು. ನೀವು ಅವನ ಹೆಗಲಿಂದ ಕಿತ್ಕೊಂಡು ಒಬ್ಬರೇ ಹೊರ್ತಾ ಇದ್ದೀರ. ಯಾವತ್ತಾದ್ರೂ ಬಾಯಿಬಿಟ್ಟು ಅವನನ್ನ ಕೇಳಿದ್ದೀರಾ, ಕ್ಷಮಿಸು ಅಂತ?"

"ಯಾವ ಮುಖ ಇಟ್ಕೊಂಡು ಕೇಳಲಿ?"

"ಇರೋದು ಒಂದೇ ಮುಖ ಅಲ್ವಾ ಅಣ್ಣಾಚಿ. ಅದನ್ನೇ ಇಟ್ಕೊಂಡು ಕೇಳಿ."

ಮಾಮನಿಗೆ ಪ್ರಾರ್ಥನೆಯ ದೊಡ್ಡ ಮಾತುಗಳು ಬರುವುದಿಲ್ಲ. ಹಿತ್ತಿಲ ಮಣ್ಣಿನಲ್ಲೇ ಮಂಡಿಯೂರಿ, "ಹಗ್ಗ ಬದಲಾಯಿಸಿದ್ದು ನಾನೇ ಸ್ವಾಮಿ. ಸುಟ್ಟಿದ್ದೂ ನಾನೇ. ಕ್ಷಮಿಸಪ್ಪಾ" ಎಂದ. ಅಷ್ಟು ಹೇಳಿದ ಮೇಲೆ ಅಳು ಬಂತು. ಇಪ್ಪತ್ತು ವರ್ಷ ತಡೆದಿದ್ದ ಅಳು ಬೇಗ ನಿಲ್ಲಲಿಲ್ಲ. ಪಾದ್ರಿಯಮ್ಮ ಸೊಪ್ಪಿನ ವಾಸನೆಯ ಕೈಯನ್ನು ಅವನ ತಲೆಯ ಮೇಲಿಟ್ಟು, ಯೇಸುವಿನ ಹೆಸರಿನಲ್ಲಿ ನಿನ್ನ ಪಾಪ ಕ್ಷಮಿಸಲ್ಪಟ್ಟಿದೆ, ಸಮಾಧಾನದಿಂದ ಹೋಗು ಎಂದು ಮೆಲ್ಲನೆ, ಒಂದೊಂದೇ ಮಾತಾಗಿ ಹೇಳಿದರು. ಕೊನೆಯ ಮರ ಇಳಿದು ಎರಡೂ ಪಾದ ಮರಳು ಮುಟ್ಟಿದಾಗ ಮೈಗೆ ಆಗುತ್ತದಲ್ಲ, ಹಾಗಾಯಿತಂತೆ ಮಾಮನಿಗೆ.

ಏಳಲು ಹೊರಟವನನ್ನು ಅವರು ಬಿಡಲಿಲ್ಲ. "ಇನ್ನು ನಿಮ್ಮ ಭಾವನ ಹತ್ರ ಹೋಗ್ಬೇಕು. ಮಾಡದ ತಪ್ಪಿಗೆ ಅವರು ಬಾಗಿಲಲ್ಲಿ ಕೂತಿದ್ದಾರೆ. ನೀವು ಬಾಯಿ ಬಿಡೋ ತನಕ ಅವರು ಒಳಗೆ ಬರೋಲ್ಲ."

"ಅವನು ನನ್ನ ಮುಖಕ್ಕೆ ಉಗಿದ್ರೆ?"

"ಟವಲು ಇದೆಯಲ್ಲ, ಒರೆಸ್ಕೊಳ್ಳಿ" ಎಂದರು ಪಾದ್ರಿಯಮ್ಮ. ಅವರ ಕಣ್ಣೂ ಒದ್ದೆಯಾಗಿತ್ತು ಎಂದು ಮಾಮ ಹೇಳಿದ.

ಶನಿವಾರ ಶಾಲೆಗೆ ರಜೆ. ನಾನು ಗುಡಿಸಲಿನಲ್ಲಿ ಅಮ್ಮನಿಗೆ ಒಲೆಗೆ ಮುಳ್ಳುಕಟ್ಟಿಗೆ ನೂಕಿಕೊಡುತ್ತಿದ್ದೆ. ಅಪ್ಪ ಬಾಗಿಲ ಬಳಿ ತೆಂಗಿನ ಚಿಪ್ಪುಗಳನ್ನು ತೊಳೆದು ಬೆಲ್ಲ ಹುಯ್ಯಲು ಸಾಲಾಗಿ ಇಡುತ್ತಿದ್ದ. ದೊಡ್ಡ ಬಾಣಲೆಯಲ್ಲಿ ನೀರಾ ಕುದಿದು ನೊರೆ ಮೇಲೇರುತ್ತಿತ್ತು. ಮಾಮ ಒಳಗೆ ಬಂದು ಅಪ್ಪನ ಎದುರು ನೆಲದ ಮೇಲೆ ಕೂತ. ಕೂತವನೇ ಎಲ್ಲಿಯೂ ನಿಲ್ಲಿಸದೆ, ತನ್ನನ್ನು ಎಲ್ಲಿಯೂ ಉಳಿಸಿಕೊಳ್ಳದೆ, ಹಗ್ಗ ಕತ್ತರಿಸಿದ್ದರಿಂದ ಹಿಡಿದು ಒಲೆಗೆ ಹಾಕಿದ್ದರವರೆಗೆ ಹೇಳಿದ. ಯಾವ ಒಲೆ ಎಂದು ಕೈಯಿಂದ ತೋರಿಸಿದ. ಅದೇ ಒಲೆಯ ಮುಂದೆ ಅಮ್ಮ ನಿಂತಿದ್ದಳು.

ಅಮ್ಮ ಬಾಣಲೆಯನ್ನು ಬಿಡುವಂತಿರಲಿಲ್ಲ, ಬಿಟ್ಟರೆ ಉಕ್ಕಿ ಹೋಗುತ್ತದೆ. ಸೌಟು ಆಡಿಸುತ್ತಲೇ ಇದ್ದಳು. ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು.

ಅಪ್ಪ ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟ. "ಹಾಗಾದ್ರೆ ಹಗ್ಗ ಹರೀತಾ?" ಎಂದು ಕೇಳಿದ.

"ಹೂಂ ಭಾವ."

"ತಳ್ಳಿದ್ದಲ್ವಾ?"

"ಯಾರೂ ತಳ್ಳಲಿಲ್ಲ. ಹಗ್ಗ ಹರೀತು. ನನ್ನ ಹಗ್ಗ."

ಅಪ್ಪ ಮತ್ತೊಮ್ಮೆ ಕೇಳಿದ, ಪುಟ್ಟ ಮಗು ಕೇಳಿದ ಹಾಗೆ: ದೇವರು ತಳ್ಳಲಿಲ್ಲವಾ ಎಂದು. ಮಾಮ ಇಲ್ಲವೆಂದು ತಲೆಯಾಡಿಸಿದ. ಅಪ್ಪನ ಮುಖದಲ್ಲಿ ಏನೋ ಬಿಚ್ಚಿಕೊಂಡ ಹಾಗಾಯಿತು. ಬೆನ್ನಿಗೇ ಸಿಟ್ಟು ಬಂತು. ಊರುಗೋಲು ಊರಿ ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ.

"ಕಾಲು ತಗೊಂಡೆ, ಹೋಗ್ಲಿ" ಎಂದ. ದನಿ ಏರಲಿಲ್ಲ. "ಕಾಲು ಯಾರಿಗೆ ಬೇಕು. ನನ್ನ ಹತ್ರ ಇದ್ದ ದೇವರನ್ನ ತಗೊಂಡ್ಬಿಟ್ಟೆಯಲ್ಲೋ. ಇಪ್ಪತ್ತು ವರ್ಷ ನಾನು ಅವನಿಗೆ ಹೆದರ್ಕೊಂಡು ಬದುಕಿದೆ. ಹೋಗು ಭಾವ. ಈಗ ಹೋಗು."

ಮಾಮ ಎದ್ದು ಹೋದ. ಅಮ್ಮ ಅವನ ಬೆನ್ನು ಸಹ ನೋಡಲಿಲ್ಲ.

ಮಾರನೆಯ ಭಾನುವಾರ ಅಪ್ಪ ಚರ್ಚಿಗೆ ಹೋಗಲಿಲ್ಲ. ಮೊದಲ ಗಂಟೆ ಆಯಿತು, ಎರಡನೇ ಗಂಟೆ ಆಯಿತು, ಅಪ್ಪ ಅಂಗಳದ ಮರದ ಬುಡದಲ್ಲಿ ಕಾಲು ಚಾಚಿ ಕೂತೇ ಇದ್ದ. ಅಮ್ಮ ಗಾಬರಿಯಾಗಿ ನನ್ನನ್ನು ಕಳಿಸಿದಳು. ಹೋಗಿ ಕೇಳಿದರೆ ಅಪ್ಪ ನನಗೂ ಪಕ್ಕದಲ್ಲಿ ಜಾಗ ತೋರಿಸಿದ.

"ಕೂತ್ಕೋ ಕಿರುಬಾ. ಇವತ್ತು ಹೋಗದಿದ್ರೆ ದೇವರು ಏನು ಮಾಡ್ತಾನೆ ನೋಡೋಣ ಅಂತ."

ಇಬ್ಬರೂ ಕೂತೆವು. ಚರ್ಚಿನಿಂದ ಹಾಡು ಕೇಳಿಬರುತ್ತಿತ್ತು. ಗರಿಗಳಲ್ಲಿ ಗಾಳಿ ಸದ್ದು ಮಾಡುತ್ತಿತ್ತು. ಒಂದು ಅಳಿಲು ಅಪ್ಪನ ಊರುಗೋಲನ್ನು ಮೂಸಿ ಹೋಯಿತು. ಮಧ್ಯಾಹ್ನದವರೆಗೂ ಏನೂ ಆಗಲಿಲ್ಲ. ಅಮ್ಮ ಮೂರು ಸಲ ಇಣುಕಿ ನೋಡಿ ಹೋದಳು. ಕೊನೆಗೆ ಅಪ್ಪ ಕಣ್ಣೊರೆಸಿಕೊಂಡು, "ಏನೂ ಮಾಡಲ್ಲ ಅವನು. ಪಾಪ, ಸುಮ್ನೆ ನನ್ನ ಜೊತೆ ಕೂತಿದ್ದ" ಎಂದ. ಒಲೆ ಹೊತ್ತಿಸಿ ಬಿಸಿ ಕಾಫಿ ಮಾಡು ಎಂದು ಅಮ್ಮನಿಗೆ ಕೂಗಿ ಹೇಳಿದ. ಅಪ್ಪ ಬಿದ್ದ ಮೇಲೆ ಭಾನುವಾರ ನಮ್ಮ ಮನೆಯಲ್ಲಿ ಒಲೆ ಉರಿದದ್ದು ಅದೇ ಮೊದಲು.

ಅದರ ಮುಂದಿನ ಭಾನುವಾರ ಅಪ್ಪ ಚರ್ಚಿಗೆ ಹೋದ. ಅರ್ಧ ತಾಸು ಮುಂಚೆ ಹೋಗಲಿಲ್ಲ, ಎಲ್ಲರಂತೆ ಎರಡನೇ ಗಂಟೆಗೆ ಹೋದ. ಬಾಗಿಲು ದಾಟಿ ಒಳಗೆ ಹೋಗಿ ಬೆಂಚಿನ ಮೇಲೆ ಕೂತ. ಹಾಡಿದ ಕೂಡ. ಅಪ್ಪನಿಗೆ ರಾಗ ಎಂಬುದು ಹುಟ್ಟಿನಿಂದಲೇ ಇಲ್ಲ ಎಂದು ನನಗೆ ಗೊತ್ತಾದದ್ದು ಆವತ್ತು. ಮುಂದಿನ ಸಾಲಿನ ಮುದುಕಿಯರು ತಿರುಗಿ ತಿರುಗಿ ನೋಡಿದರು. ಅಪ್ಪನಿಗೆ ಅದರ ಪರಿವೆ ಇರಲಿಲ್ಲ.

ಇಷ್ಟಾದರೂ ಮಾಮನ ಜೊತೆ ಮಾತಿಲ್ಲ. ಮಾಮ ಎಂದಿನಂತೆ ನಮ್ಮ ಹದಿನೈದು ಮರ ಮೊದಲು ಇಳಿಸಿ ಮಡಕೆಗಳನ್ನು ಗುಡಿಸಲ ಹೊರಗೆ ಇಟ್ಟು ಹೋಗುತ್ತಿದ್ದ. ಅಮ್ಮ ಅವನು ಕಣ್ಮರೆಯಾದ ಮೇಲೆ ಒಳಗೆ ತರುತ್ತಿದ್ದಳು. ಶಾಲಿನ ವಿಷಯಕ್ಕೆ ಬಂದ ಹಿರಿಯರ ಮುಂದೆ ಮಾಮ ತಾನಾಗಿಯೇ ನಡೆದದ್ದನ್ನು ಹೇಳಿದ. ಎರಡು ದಿನ ಊರೆಲ್ಲ ಅದೇ ಮಾತು. ಹೊಗಳಿದ ಬಾಯಿಗಳೇ ತೆಗಳಿದವು. ಮಾಮ ಈಗ ಎದ್ದು ಹೋಗುತ್ತಿರಲಿಲ್ಲ, ಕೂತು ಕೇಳುತ್ತಿದ್ದ.

ನನಗೂ ಸಿಟ್ಟಿತ್ತು. ಅವನು ಕೊಟ್ಟ ಒಂದೊಂದನ್ನೂ ನೆನೆದು, ಇದು ಪ್ರೀತಿಗೆ ಕೊಟ್ಟದ್ದೋ ಭಯಕ್ಕೆ ಕೊಟ್ಟದ್ದೋ ಎಂದು ಕೇಳಿಕೊಳ್ಳುತ್ತಿದ್ದೆ. ಕುರ್ಚಿಯಲ್ಲಿ ಕೂರುವುದು ಬಿಟ್ಟೆ. ಒಂದು ಸಂಜೆ ತಡೆಯಲಾರದೆ ತೋಪಿಗೇ ಹೋಗಿ ಅವನನ್ನು ಹಿಡಿದೆ. ಇಷ್ಟು ಹೊತ್ತು ಹೇಳಿದ ಒಳಗಿನ ಸಂಗತಿಯನ್ನೆಲ್ಲ ಅವನು ಹೇಳಿದ್ದು ಆಗಲೇ. ಪ್ರೀತಿಯೋ ಭಯವೋ ಎಂದು ನೇರವಾಗಿಯೇ ಕೇಳಿದೆ.

ಮಾಮ ಯೋಚಿಸಿ ಹೇಳಿದ. "ಮೊದಮೊದಲು ಭಯಾನೇ ಮಗಾ. ಸುಳ್ಳು ಯಾಕೆ ಹೇಳಲಿ. ಆಮೇಲೆ ನೀನು ದೊಡ್ಡವಳಾದೆ, ಮರದ ಬುಡಕ್ಕೆ ಬಂದು ಮಾಮಾ ಅಂತ ಕೂಗ್ತಿದ್ದೆ. ಯಾವಾಗ ಯಾವುದು ಆಯ್ತೋ ನನಗೇ ಗೊತ್ತಿಲ್ಲ. ಈಗ ದೇವರ ಮುಂದೆ ನನ್ನ ಎದೆ ಹಗುರವಾಗಿದೆ. ಕಣ್ಣು ಮುಚ್ಚಿದ್ರೆ ನಿದ್ದೆ ಬರುತ್ತೆ. ಆದ್ರೆ ನಿಮ್ಮಪ್ಪ ಮಾತಾಡದೆ ಅನ್ನ ಸೇರ್ತಿಲ್ಲ."

ನಿಜಕ್ಕೂ ಸೊರಗಿದ್ದ. ನಾನು ಮನೆಗೆ ಬಂದು ಅಪ್ಪನಿಗೆ ಈ ಮಾತನ್ನಷ್ಟೇ ತಿಳಿಸಿ ಒಳಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.

ಏಪ್ರಿಲ್ ಮೊದಲ ಭಾನುವಾರ ಬಂತು. ಪ್ರಭುಭೋಜನದ ದಿನ. ಪಾದ್ರಿಯಮ್ಮ ಉಪದೇಶದಲ್ಲಿ ನಮ್ಮ ವಿಷಯ ಎತ್ತಲಿಲ್ಲ. ಯಾರ ಮೇಲಾದರೂ ಮುನಿಸಿದ್ದರೆ ಬಿಟ್ಟು ಬನ್ನಿ ಎಂದು ಪ್ರತಿ ತಿಂಗಳು ಹೇಳುವಂತೆ ಹೇಳಿದರು, ಅಷ್ಟೇ. ರೊಟ್ಟಿ ತೆಗೆಯುವ ಹೊತ್ತಾಯಿತು. ನಾನು ಮಾಮನ ಕಡೆ ನೋಡಿದೆ. ಹಿಂಬಾಗಿಲು ತೆರೆದೇ ಇತ್ತು. ಮಾಮ ಬೆಂಚಿನ ಮೇಲೆ ಕೂತೇ ಇದ್ದ, ಎರಡೂ ಕೈಗಳಿಂದ ಬೆಂಚಿನ ಅಂಚನ್ನು ಹಿಡಿದುಕೊಂಡು. ಹೊರಗೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ.

ಜನ ಸಾಲಾಗಿ ಮುಂದೆ ಹೋದರು. ಅಪ್ಪನೂ ಊರುಗೋಲು ಊರುತ್ತ ಹೋದ. ಅಪ್ಪ ಯಾವಾಗಲೂ ನಿಂತೇ ರೊಟ್ಟಿ ತೆಗೆದುಕೊಳ್ಳುವುದು, ಮಂಡಿಯೂರಲು ಆಗುವುದಿಲ್ಲ. ಆವತ್ತು ಬಲಿಪೀಠದ ಮುಂದಿನ ಕಟಕಟೆಯ ಹತ್ತಿರ ಹೋಗಿ ನಿಂತವನು ಅಲ್ಲಿಂದಲೇ ಹಿಂದಕ್ಕೆ ತಿರುಗಿದ. ಅವನ ಹಿಂದೆ ಇದ್ದ ಸಾಲೆಲ್ಲ ನಿಂತಿತು.

"ಭಾವ" ಎಂದು ಕರೆದ. ಇಡೀ ಚರ್ಚಿಗೆ ಕೇಳಿಸಿತು. "ನನಗೆ ಇವತ್ತು ಮಂಡಿಯೂರ್ಬೇಕು. ಹಿಡ್ಕೊಳ್ಳೋರು ಯಾರು?"

ಮಾಮ ಎದ್ದ. ಬೆಂಚುಗಳ ನಡುವೆ ನಡೆದು ಬಂದ. ಅಪ್ಪನ ತೋಳಡಿಗೆ ಹೆಗಲು ಕೊಟ್ಟ. ಎಡಗಾಲನ್ನು ಪಕ್ಕಕ್ಕೆ ಚಾಚಿ, ಬಲಮಂಡಿಯನ್ನು ಮೆಲ್ಲಮೆಲ್ಲಗೆ ನೆಲಕ್ಕೆ ಇಳಿಸಿ, ಅಪ್ಪ ಮಾಮನ ಕುತ್ತಿಗೆಗೆ ಜೋತುಬಿದ್ದ ಹಾಗೆಯೇ ಮಂಡಿಯೂರಿದ. ಮಾಮನೂ ಪಕ್ಕದಲ್ಲಿ ಮಂಡಿಯೂರಿದ. ಪಾದ್ರಿಯಮ್ಮ ಮೊದಲು ಅಪ್ಪನಿಗೆ, ಆಮೇಲೆ ಮಾಮನಿಗೆ ರೊಟ್ಟಿ ಕೊಟ್ಟರು. ಆಮೇಲೆ ದ್ರಾಕ್ಷಾರಸದ ಪಾತ್ರೆಯನ್ನು ಇಬ್ಬರ ತುಟಿಗೂ ಇಟ್ಟರು.

ಇಳಿದದ್ದು ಸುಲಭವಾಯಿತು, ಏಳುವುದು ಆಗಲಿಲ್ಲ. ಮಾಮ ಎತ್ತಿದ, ಆಗಲಿಲ್ಲ. ಪಾದ್ರಿಯಮ್ಮ ಪಾತ್ರೆಯನ್ನು ಮೇಜಿನ ಮೇಲಿಟ್ಟು ಬಂದು ಇನ್ನೊಂದು ಕಡೆ ಹಿಡಿದರು. ಅಪ್ಪನಿಗೆ ನಗು ಬಂತು. ಮಾಮನಿಗೂ ಬಂತು. "ನಗಬೇಡ ಕಣೋ, ಕೈ ಜಾರುತ್ತೆ" ಎಂದು ಮಾಮ, "ಇನ್ನೊಂದ್ಸಲ ಬೀಳಿಸಿದ್ರೆ ನೋಡ್ಕೋ" ಎಂದು ಅಪ್ಪ. ಹಿಂದಿನ ಸಾಲಿನಿಂದ ಯಾರೋ ನಕ್ಕರು, ಆಮೇಲೆ ಎಲ್ಲರೂ. ನಮ್ಮ ಚರ್ಚಿನಲ್ಲಿ ಪ್ರಭುಭೋಜನದ ಹೊತ್ತಿನಲ್ಲಿ ಅಷ್ಟು ನಗು ಅದಕ್ಕೂ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಹೊರಗೆ ಬಂದ ಮೇಲೆ ಬೇವಿನ ನೆರಳಿನಲ್ಲಿ ಇಬ್ಬರೂ ನಿಂತರು. ಮಾಮನಿಗೆ ಏನು ಹೇಳಬೇಕೋ ತಿಳಿಯದೆ, ಸಂಜೆ ನಿಮ್ಮ ಮರದ ನೀರಾ ಬೇಗ ಇಳಿಸಿ ತರುತ್ತೇನೆ ಎಂದ.

"ತರಬೇಡ" ಎಂದ ಅಪ್ಪ. "ಇಪ್ಪತ್ತು ವರ್ಷದಲ್ಲಿ ನೀನು ಏನಾದ್ರೂ ತಲೆ ಮೇಲೆ ಹೊತ್ಕೊಳ್ಳದೆ ನನ್ನ ಮನೆಗೆ ಬಂದಿದ್ದೇ ಇಲ್ಲ. ನಿನ್ನನ್ನ ನಾನು ಕ್ಷಮಿಸಿದ್ದೀನಿ. ಇವತ್ತು ಬರೀ ಕೈಯಲ್ಲಿ ಬಾ, ಊಟಕ್ಕೆ."

ಮಾಮ ಬಂದ. ಕೈ ಬೀಸಿಕೊಂಡು ಬರುವುದು ಅಭ್ಯಾಸವಿಲ್ಲದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಂದ. ಜೆಬಮಣಿ ಅತ್ತೆಯೂ ಬಂದಳು. ಇನ್ನು ಮುಂದೆ ನಮ್ಮ ಮರ ಹತ್ತಲು ಒಬ್ಬ ಆಳನ್ನು ಗೊತ್ತುಮಾಡೋಣ ಎಂದು ಅಪ್ಪ ಹೇಳಿದ. ಅವನಿಗೆ ನೀರಾ ಇಳಿಸಲು ಬರುತ್ತಾ, ಮರ ಹಾಳುಮಾಡುತ್ತಾನೆ ಎಂದು ಮಾಮ ಜಗಳಕ್ಕೆ ನಿಂತ. ಕೊನೆಗೆ ಅರ್ಧ ಮರ ಮಾಮನಿಗೆ, ಅರ್ಧ ಆಳಿಗೆ ಎಂದು ತೀರ್ಮಾನವಾಯಿತು. ಈಗಲೂ ಹಾಗೇ ನಡೆಯುತ್ತಿದೆ.

ಇಷ್ಟರಲ್ಲಿ ಅಮ್ಮ ಒಂದು ಮಾತೂ ಆಡಿರಲಿಲ್ಲ. ಬೀಳಿಸಿದವನು ಅವಳ ಅಣ್ಣ, ಬಿದ್ದವನು ಅವಳ ಗಂಡ. ಎರಡೂ ಕಡೆಯ ನೋವು ಅವಳ ಪಾಲಿಗೇ ಬಂದಿತ್ತು. ಕ್ಷಮಿಸು ಎಂದು ಅವಳನ್ನು ಕೇಳಲು ಇಬ್ಬರಿಗೂ ನೆನಪಾಗಿರಲಿಲ್ಲ. ಎಲೆ ಹಾಕಿ ಬಡಿಸುತ್ತ ಬಂದವಳು ಮಾಮನ ಎಲೆಯ ಮುಂದೆ ಸೌಟು ಹಿಡಿದು ನಿಂತಳು. ಮಾಮ ತಲೆ ಎತ್ತಿ ನೋಡಿ, "ತಂಗೀ" ಎಂದ.

"ಗೊತ್ತು" ಎಂದಳು ಅಮ್ಮ. "ಗುಡಿಸಲಲ್ಲಿ ನೀನು ಹೇಳ್ತಿದ್ದಾಗ ಸೌಟು ನಿನ್ನ ತಲೆ ಮೇಲೆ ಇಳಿಸ್ಬೇಕು ಅನ್ನಿಸ್ತು. ಅವತ್ತಿಂದ ದಿನಾ ಪ್ರಾರ್ಥನೆ ಮಾಡ್ತಿದ್ದೀನಿ, ಇವನನ್ನ ಕ್ಷಮಿಸೋ ಮನಸ್ಸು ಕೊಡು ಸ್ವಾಮಿ ಅಂತ. ಕೊಟ್ಟಿದ್ದಾನೆ, ಮುಕ್ಕಾಲು ಪಾಲು." ಸ್ವಲ್ಪ ನಿಂತು ಮೀನಿನ ಸಾರು ಬಡಿಸಿದಳು. "ಉಳಿದದ್ದು ಬರೋ ತನಕ ಮೀನಿನ ತಲೆ ನಿನಗಿಲ್ಲ. ಅದು ಅವರಿಗೆ."

ಎಲ್ಲಕ್ಕಿಂತ ರುಚಿಯಾದ ಆ ತಲೆಯನ್ನು ಅಪ್ಪನ ಎಲೆಗೆ ಹಾಕಿದಳು. ಮಾಮ ಬಾಲದ ತುಂಡನ್ನು ಅನ್ನಕ್ಕೆ ಕಲಸಿಕೊಂಡು, ತಲೆ ಬಗ್ಗಿಸಿ, ಮೂರು ಸಲ ಅನ್ನ ಹಾಕಿಸಿಕೊಂಡು ಉಂಡ.